ಒಂದೇ ಹೆಸರು, ಬೇರೆ ಬೇರೆ ಜನ: ಬಳ್ಳಾರಿ, ರಾಯಚೂರು, ಕೊಪ್ಪಳದ ಇತಿಹಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಂಗಭದ್ರೆಯ ಎರಡೂ ದಂಡೆಯ ಊರುಗಳ ಇತಿಹಾಸ ಓದಲು ಕೂತರೆ ಮೊದಲು ಕಾಡುವುದು ಹೆಸರುಗಳು. ಹರಿಹರ ಯಾರು? ಕವಿಯೋ, ದೊರೆಯೋ? ಮಾಧವ ಅಂದರೆ ಗುರುವೋ, ದಂಡನಾಯಕನೋ? ಇಬ್ಬರು ದೊಡ್ಡವರನ್ನು ಒಬ್ಬರೆಂದು ಓದಿದರೆ, ಅವರಲ್ಲಿ ಒಬ್ಬರು ಪೂರ್ತಿ ಮರೆಯಾಗಿಬಿಡುತ್ತಾರೆ. ಹಾಗಾಗಬಾರದು ಅಂತಲೇ ಈ ಪ್ರಶ್ನೋತ್ತರ. ವಿದ್ಯಾರ್ಥಿಗಳು, ಹಂಪಿಗೆ ಬರುವವರು, ಊರಿನ ಇತಿಹಾಸ ಬರೆಯಲು ಹೊರಟವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ನಮ್ಮ ಭಾಗದಲ್ಲಿ ಒಂದೇ ಹೆಸರಿನವರು ಇಷ್ಟು ಜಾಸ್ತಿ ಯಾಕೆ?

ಎರಡು ಕಾರಣ. ಒಂದು, ಮನೆದೇವರ ಹೆಸರಿಡುವ ರೂಢಿ. ಹುಲಿಗೆಮ್ಮನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಹುಲಿಗೆಮ್ಮ, ಹುಲುಗಪ್ಪ ಇರುತ್ತಾರೆ. ಗುರುಗುಂಟಾ ಅಮರೇಶ್ವರನ ಒಕ್ಕಲಲ್ಲಿ ಅಮರೇಶ, ಅಮರಪ್ಪ, ಅಮರೇಗೌಡ. ಕೊಪ್ಪಳದ ಸುತ್ತ ಗವಿಸಿದ್ದಪ್ಪ, ಕನಕಗಿರಿ ಕಡೆ ಕನಕಪ್ಪ, ದೇವಸುಗೂರಿನ ಕಡೆ ಸುಗೂರಪ್ಪ, ಹಂಪಿಯ ಸುತ್ತ ವಿರೂಪಾಕ್ಷಪ್ಪ, ಪಂಪಾಪತಿ, ಹಂಪಮ್ಮ. ಹೆಸರು ಕೇಳಿದರೆ ಸಾಕು, ಮನೆಯವರು ಯಾವ ಗುಡಿಗೆ ಹೋಗುತ್ತಾರೆ ಅನ್ನುವುದು ಗೊತ್ತಾಗುತ್ತದೆ.

ಇನ್ನೊಂದು, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ಇದು ರೈತರ ಮನೆಯಲ್ಲೂ ಉಂಟು, ಅರಮನೆಯಲ್ಲೂ ಇತ್ತು. ಅದಕ್ಕೇ ವಿಜಯನಗರದ ರಾಜರ ಪಟ್ಟಿಯಲ್ಲಿ ಅವೇ ಹೆಸರುಗಳು ತಿರುಗಿ ತಿರುಗಿ ಬರುತ್ತವೆ.

ಆದಿಕವಿ ಪಂಪ ಹಂಪಿಯವನಾ?

ಅಲ್ಲ. ಪಂಪ ಹುಟ್ಟಿದ್ದು 902ರಲ್ಲಿ. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದು, 941ರ ಹೊತ್ತಿಗೆ ‘ವಿಕ್ರಮಾರ್ಜುನ ವಿಜಯ’ ಬರೆದ. ವೇಮುಲವಾಡ ಈಗ ತೆಲಂಗಾಣದಲ್ಲಿದೆ. ಅವನ ತಮ್ಮ ಜಿನವಲ್ಲಭ ಬರೆಸಿದ ಕುರ್ಕ್ಯಾಲದ ಶಾಸನ ಇರುವುದೂ ಆ ಕಡೆಯೇ.

ಗೊಂದಲಕ್ಕೆ ಕಾರಣ ಇದೆ. ಹಂಪಿಯ ದೇವಿ ಪಂಪಾಂಬಿಕೆ, ವಿರೂಪಾಕ್ಷನಿಗೆ ಪಂಪಾಪತಿ ಅನ್ನುತ್ತಾರೆ, ಆನೆಗೊಂದಿಯ ಹತ್ತಿರ ಪಂಪಾ ಸರೋವರ ಇದೆ. ಕವಿ ಹರಿಹರ ‘ಪಂಪಾಶತಕ’ ಅಂತ ಬೇರೆ ಬರೆದ. ಅದು ವಿರೂಪಾಕ್ಷನ ಮೇಲಿನ ಭಕ್ತಿಯ ಕೃತಿ, ಕವಿ ಪಂಪನಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಬ್ಬ ಪಂಪನೂ ಇದ್ದಾನೆ. ‘ರಾಮಚಂದ್ರ ಚರಿತ ಪುರಾಣ’ ಬರೆದ ನಾಗಚಂದ್ರ ತನ್ನನ್ನು ಅಭಿನವ ಪಂಪ ಅಂತ ಕರೆದುಕೊಂಡ. ಆ ಕಾವ್ಯವನ್ನು ಜನ ‘ಪಂಪ ರಾಮಾಯಣ’ ಅನ್ನುತ್ತಾರೆ. ಅದನ್ನು ಆದಿಕವಿ ಪಂಪನ ಲೆಕ್ಕಕ್ಕೆ ಸೇರಿಸುವವರು ಈಗಲೂ ಇದ್ದಾರೆ. ಆದಿಪಂಪ ಬರೆದದ್ದು ಮಹಾಭಾರತದ ಕಥೆ ಮತ್ತು ‘ಆದಿಪುರಾಣ’. ರಾಮಾಯಣ ನಾಗಚಂದ್ರನದು. ಇಬ್ಬರ ನಡುವೆ ಒಂದೂವರೆ ಶತಮಾನಕ್ಕೂ ಜಾಸ್ತಿ ಅಂತರವಿದೆ.

ಹಂಪಿಯ ಹರಿಹರ ಕವಿಯಾ, ರಾಜನಾ?

ಇಬ್ಬರೂ ಇದ್ದರು, ಅಷ್ಟೇ ಅಲ್ಲ, ರಾಜರೇ ಇಬ್ಬರು.

ಕವಿ ಹರಿಹರ ಮೊದಲಿನವನು. ಅವನ ಕಾಲದಲ್ಲಿ ವಿಜಯನಗರ ಅನ್ನುವ ರಾಜ್ಯವೇ ಇರಲಿಲ್ಲ. ಹೊಯ್ಸಳರ ಹಳೇಬೀಡಿನಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದ, ಅದನ್ನು ಬಿಟ್ಟು ಹಂಪಿಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ಉಳಿದ ಅಂತ ಪರಂಪರೆ ಹೇಳುತ್ತದೆ. ‘ಗಿರಿಜಾಕಲ್ಯಾಣ’ ಅವನದೇ. ಶಿವಶರಣರ ಬದುಕನ್ನು ರಗಳೆಗಳಲ್ಲಿ ಹೇಳಿದವನೂ ಅವನೇ. ರಾಘವಾಂಕ ಅವನ ಸೋದರಳಿಯ.

ರಾಜ ಒಂದನೇ ಹರಿಹರ ಸಂಗಮನ ಮಗ, ಬುಕ್ಕನ ಅಣ್ಣ. 1336ರಿಂದ 1356ರವರೆಗೆ ಆಳಿದ. ಎರಡನೇ ಹರಿಹರ ಬುಕ್ಕನ ಮಗ, 1377ರಿಂದ 1404ರವರೆಗೆ ಆಳಿದ. ದಾವಣಗೆರೆ ಜಿಲ್ಲೆಯ ಹರಿಹರ ಊರನ್ನು ಈ ರಾಜರು ಕಟ್ಟಿದರು ಅಂತ ಕೆಲವರು ತಿಳಿದಿದ್ದಾರೆ. ಅಲ್ಲಿನ ಹರಿಹರೇಶ್ವರ ಗುಡಿ ಹೊಯ್ಸಳರ ಕಾಲದ್ದು, 1224ರದು. ಅಂದರೆ ರಾಜರಿಗಿಂತ ಊರೇ ಹಳೆಯದು.

ನನಗೆ ಇಲ್ಲಿ ಬೇಸರದ ಸಂಗತಿ ಒಂದಿದೆ. ಹಂಪಿ ನೋಡಲು ಬರುವವರಲ್ಲಿ ಬಹಳ ಮಂದಿಗೆ ಹರಿಹರ ಅಂದರೆ ‘ಹಕ್ಕ-ಬುಕ್ಕ’ರ ಹಕ್ಕ ಮಾತ್ರ. ಸಾಮ್ರಾಜ್ಯಕ್ಕಿಂತ ಮೊದಲೇ ಅದೇ ಬಂಡೆಗಳ ನಡುವೆ ಕೂತು ಕನ್ನಡದ ದಾರಿಯನ್ನೇ ಬದಲಿಸಿದ ಕವಿಯ ಹೆಸರನ್ನೂ ಅಲ್ಲಿ ಹೇಳಬೇಕು.

ಕಂಪಿಲಿರಾಯ, ಕಂಪಣ, ಕುಮಾರ ಕಂಪಣ. ಮೂವರೂ ಒಬ್ಬರೇನಾ?

ಮೂವರೂ ಬೇರೆ. ಕಂಪಿಲಿರಾಯ ಈಗಿನ ಬಳ್ಳಾರಿ ಜಿಲ್ಲೆಯ ಕಂಪ್ಲಿಯಿಂದ ಆಳಿದವನು. ಕೊಪ್ಪಳ ಜಿಲ್ಲೆಯ ಕುಮ್ಮಟದುರ್ಗ ಅವನ ಕೋಟೆ. ದೆಹಲಿ ಸುಲ್ತಾನನ ವಿರುದ್ಧ ದಂಗೆಯೆದ್ದು ಸಗರದಿಂದ ಓಡಿಬಂದ ಗುರ್ಶಾಸ್ಪನಿಗೆ ಆಸರೆ ಕೊಟ್ಟ. ಅದೇ ಕಾರಣಕ್ಕೆ 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯದ ಎದುರು ಹೋರಾಡಿ ಸತ್ತ. ನಮ್ಮ ಕಡೆ ಹಾಡು-ಕಥೆಗಳಲ್ಲಿ ಬರುವ ಗಂಡುಗಲಿ ಕುಮಾರರಾಮ ಇವನ ಮಗ.

ಕಂಪಣ ಒಂದನೇ ಹರಿಹರನ ತಮ್ಮ. ಪೂರ್ವದಲ್ಲಿ ಉದಯಗಿರಿ ಕಡೆಯ ಆಡಳಿತ ನೋಡಿಕೊಂಡ. ಕುಮಾರ ಕಂಪಣ ಬುಕ್ಕನ ಮಗ, ಮಧುರೆಯ ಸುಲ್ತಾನರನ್ನು ಗೆದ್ದವನು. ಆ ಗೆಲುವಿನ ಬಗ್ಗೆ ಅವನ ಹೆಂಡತಿ ಗಂಗಾದೇವಿ ಸಂಸ್ಕೃತದಲ್ಲಿ ‘ಮಧುರಾವಿಜಯ’ ಬರೆದಳು. ಕುಮಾರರಾಮ, ಕುಮಾರ ಕಂಪಣ ಇಬ್ಬರಿಗೂ ‘ಕುಮಾರ’ ಸೇರಿರುವುದರಿಂದ ಇವರನ್ನು ಅಣ್ಣತಮ್ಮಂದಿರು ಅಂದುಕೊಳ್ಳುವವರಿದ್ದಾರೆ. ಮನೆತನವೇ ಬೇರೆ.

ಕುಮಾರರಾಮನಿಗೆ ಕಾವ್ಯಗಳಲ್ಲಿ ರಾಮನಾಥ ಅನ್ನುವ ಹೆಸರೂ ಉಂಟು. ಹೊಯ್ಸಳರಲ್ಲಿ ಸೋಮೇಶ್ವರನ ಮಗ ರಾಮನಾಥ ಅಂತ ಒಬ್ಬನಿದ್ದ. ಅವನು ತಮಿಳು ನಾಡಿನ ಕಣ್ಣಾನೂರಿನಿಂದ ಆಳಿದವನು. ಅವನೂ ಬೇರೆ.

ವಿದ್ಯಾರಣ್ಯರ ಪೂರ್ವದ ಹೆಸರು ಮಾಧವ. ಶಾಸನಗಳಲ್ಲಿ ಬರುವ ಮಾಧವ ಮಂತ್ರಿ ಅವರೇನಾ?

ಈ ಪಟ್ಟಿಯಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿಯೇ. ಹಿಂದಿನ ವಿದ್ವಾಂಸರೂ ಇಲ್ಲಿ ಎಡವಿದ್ದಾರೆ.

ಇಬ್ಬರು ಮಾಧವರೂ ಒಂದೇ ಕಾಲದವರು, ಒಂದೇ ರಾಜ್ಯದವರು. ಇಬ್ಬರೂ ಪಂಡಿತರು, ಇಬ್ಬರಿಗೂ ಅರಮನೆಯ ನಂಟು ಇತ್ತು. ಹಾಗಾದರೆ ಬೇರೆ ಮಾಡುವುದು ಹೇಗೆ? ಅಪ್ಪನ ಹೆಸರು, ಗೋತ್ರ, ಗುರು ನೋಡಬೇಕು.

ಮಾಧವಾಚಾರ್ಯರು ಭಾರದ್ವಾಜ ಗೋತ್ರದವರು. ತಂದೆ ಮಾಯಣ, ತಾಯಿ ಶ್ರೀಮತಿ. ವೇದಗಳಿಗೆ ಭಾಷ್ಯ ಬರೆದ ಸಾಯಣರು ಇವರ ತಮ್ಮ, ಭೋಗನಾಥ ಇನ್ನೊಬ್ಬ ತಮ್ಮ. ಇವರೇ ಸನ್ಯಾಸ ತೆಗೆದುಕೊಂಡು ವಿದ್ಯಾರಣ್ಯರಾದರು, ಶೃಂಗೇರಿ ಪೀಠಕ್ಕೆ ಬಂದರು ಅನ್ನುವುದು ಪರಂಪರೆಯ ಮಾತು. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ.

ಮಾಧವ ಮಂತ್ರಿ ಆಂಗಿರಸ ಗೋತ್ರದವನು. ಅವನ ತಂದೆ ಚೌಂಡ. ಗುರು ಕಾಶೀವಿಲಾಸ ಕ್ರಿಯಾಶಕ್ತಿ. ಮೊದಲು ಹರಿಹರನ ತಮ್ಮ ಮಾರಪನ ಹತ್ತಿರ ಮಂತ್ರಿಯಾಗಿದ್ದ. ಆಮೇಲೆ ಬನವಾಸಿ, ಗೋವೆಗಳ ಆಡಳಿತ ನಡೆಸಿದ. ಗೋವೆಯನ್ನು ಬಹಮನಿಗಳ ಕೈಯಿಂದ ಬಿಡಿಸಿದವನು ಇವನು. ಕತ್ತಿ ಹಿಡಿದು ಯುದ್ಧಕ್ಕೆ ಹೋದವನು ಮಾಧವ ಮಂತ್ರಿ, ವಿದ್ಯಾರಣ್ಯರಲ್ಲ.

ಇಬ್ಬರನ್ನೂ ಒಂದು ಮಾಡಿದರೆ ಏನು ನಷ್ಟ? ಎಲ್ಲ ಕೀರ್ತಿ ವಿದ್ಯಾರಣ್ಯರಿಗೆ ಹೋಗುತ್ತದೆ. ಪಶ್ಚಿಮ ಕರಾವಳಿಯನ್ನು ವಿಜಯನಗರಕ್ಕೆ ಸೇರಿಸಿದ ಒಬ್ಬ ದೊಡ್ಡ ಮನುಷ್ಯ ಹೆಸರಿದ್ದೂ ಇಲ್ಲದವನಾಗುತ್ತಾನೆ. ವಿದ್ಯಾರಣ್ಯರಿಗೆ ಆ ಕೀರ್ತಿ ಬೇಕಾಗಿಯೂ ಇಲ್ಲ, ಅಲ್ವಾ?

ಉಡುಪಿಯ ಮಧ್ವಾಚಾರ್ಯರು ಇವರಿಬ್ಬರಿಗಿಂತ ಹಿಂದಿನವರು. ಹೆಸರಲ್ಲಿ ಒಂದು ಅಕ್ಷರದ ವ್ಯತ್ಯಾಸ, ಸಿದ್ಧಾಂತದಲ್ಲಿ ಪೂರ್ತಿ ವ್ಯತ್ಯಾಸ. ಇಂಗ್ಲಿಷ್ ಅಕ್ಷರದಲ್ಲಿ ಓದುವ ಮಕ್ಕಳು ಇಲ್ಲಿ ಜಾಸ್ತಿ ತಪ್ಪುತ್ತಾರೆ.

ದೇವರಾಯ ಎಷ್ಟು ಜನ? ಮುದಗಲ್ಲಿನ ಕಥೆ ಯಾರದು?

ಮುಖ್ಯವಾಗಿ ಇಬ್ಬರು. ಒಂದನೇ ದೇವರಾಯ 1406ರಿಂದ 1422ರವರೆಗೆ, ಎರಡನೇ ದೇವರಾಯ 1424ರಿಂದ 1446ರವರೆಗೆ. ಎರಡನೆಯವನು ಮೊದಲನೆಯವನ ಮೊಮ್ಮಗ.

ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಒಬ್ಬ ಅಕ್ಕಸಾಲಿಗನ ಮಗಳಿದ್ದಳು, ಅವಳಿಗಾಗಿ ದೇವರಾಯ ದಂಡು ಕಳಿಸಿದ, ಅದರಿಂದ ಬಹಮನಿ ಫಿರೋಜ್ ಷಾನ ಜೊತೆ ಯುದ್ಧವಾಯಿತು ಅನ್ನುವ ಕಥೆಯನ್ನು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಅದು ಒಂದನೇ ದೇವರಾಯನ ಮೇಲಿನ ಕಥೆ. ಫಿರಿಸ್ತಾ ಬರೆದದ್ದು ಸುಮಾರು ಎರಡು ಶತಮಾನದ ನಂತರ, ಅದೂ ಬಿಜಾಪುರದ ಆಶ್ರಯದಲ್ಲಿ. ಅದನ್ನು ನೆನಪಿಟ್ಟು ಓದಬೇಕು. ಕೃಷ್ಣೆ-ತುಂಗಭದ್ರೆಗಳ ನಡುವಿನ ಸೀಮೆಯಾದ ದೋಆಬಿನ ಕಪ್ಪು ನೆಲ, ಕೋಟೆಗಳು, ಅದರ ಆದಾಯ ಇವಿಷ್ಟೇ ಯುದ್ಧಕ್ಕೆ ಸಾಕಾಗುವ ಕಾರಣಗಳಾಗಿದ್ದವು.

ತುಂಗಭದ್ರೆಗೆ ಒಡ್ಡು ಹಾಕಿಸಿ ರಾಜಧಾನಿಗೆ ಕಾಲುವೆಯಲ್ಲಿ ನೀರು ತಂದವನೂ ಒಂದನೇ ದೇವರಾಯ. ಇಟಲಿಯ ನಿಕೊಲೊ ಕಾಂಟಿ ಬಂದದ್ದು 1420ರ ಸುಮಾರಿಗೆ. ಎರಡನೇ ದೇವರಾಯನನ್ನು ಪ್ರೌಢದೇವರಾಯ ಅನ್ನುತ್ತಾರೆ. 1443ರಲ್ಲಿ ಹೆರಾತಿನಿಂದ ಬಂದ ಅಬ್ದುಲ್ ರಜಾಕ್ ನೋಡಿದ್ದು ಇವನ ಆಸ್ಥಾನವನ್ನು. ‘ಪ್ರಭುಲಿಂಗಲೀಲೆ’ಯ ಚಾಮರಸ, ‘ಶಿವತತ್ತ್ವ ಚಿಂತಾಮಣಿ’ಯ ಲಕ್ಕಣ್ಣ ದಂಡೇಶ ಇವನ ಕಾಲದವರು.

ಒಂದು ಮಾತು ನೆನಪಿರಲಿ. ಇವರ್‍ಯಾರೂ ತಮ್ಮನ್ನು ‘ಒಂದನೇ’, ‘ಎರಡನೇ’ ಅಂತ ಕರೆದುಕೊಳ್ಳಲಿಲ್ಲ. ಈ ಅಂಕಿಗಳು ನಮ್ಮ ಕಾಲದ ಇತಿಹಾಸಕಾರರು ಅನುಕೂಲಕ್ಕೆ ಹಾಕಿದವು. ಶಾಸನದಲ್ಲಿ ಸುಮ್ನೆ ‘ದೇವರಾಯ’ ಅಂತಲೇ ಇರುತ್ತದೆ.

ವಿರೂಪಾಕ್ಷ ಅನ್ನುವ ರಾಜನೂ ಇದ್ದನಾ?

ಇಬ್ಬರು ಇದ್ದರು. ಒಬ್ಬ 1404–05ರಲ್ಲಿ ಅಲ್ಪಕಾಲ ಆಳಿದ. ಇನ್ನೊಬ್ಬ 1465ರಿಂದ 1485ರವರೆಗೆ. 1584ರಲ್ಲಿ ‘ಚೆನ್ನಬಸವ ಪುರಾಣ’ ಬರೆದ ವಿರೂಪಾಕ್ಷ ಪಂಡಿತ ಕವಿ, ರಾಜನಲ್ಲ.

ತಾಳಿಕೋಟೆ ಯುದ್ಧದ ನಂತರ ಬದುಕಿದ ತಿರುಮಲ ಕೃಷ್ಣದೇವರಾಯನ ಮಗನಾ?

ಅಲ್ಲ. ಆ ಯುದ್ಧದ ಹಿಂದುಮುಂದಿನ ಐವತ್ತು ವರ್ಷಗಳಲ್ಲಿ ಮೂವರು ತಿರುಮಲರು ಬರುತ್ತಾರೆ. ಒಬ್ಬೊಬ್ಬರ ಕಥೆಯೂ ಬೇರೆ.

ಮೊದಲನೆಯವನು ಕೃಷ್ಣದೇವರಾಯನ ಮಗ. 1520ರಲ್ಲಿ ರಾಯಚೂರು ಕೋಟೆಯನ್ನು ಗೆದ್ದ ರಾಯ, ಕೆಲವು ವರ್ಷಗಳ ನಂತರ ಈ ಪುಟ್ಟ ಮಗನಿಗೆ ಪಟ್ಟ ಕಟ್ಟಿದ. ಮಗು ಸ್ವಲ್ಪ ದಿನಕ್ಕೇ ತೀರಿಕೊಂಡಿತು. ಅದರ ಆಪಾದನೆ ಮಂತ್ರಿ ತಿಮ್ಮರಸನ ಮೇಲೆ ಬಂದು ಅವನ ಕಣ್ಣು ಕೀಳಿಸಿದರು ಅಂತ ಪೋರ್ಚುಗೀಸ್ ನ್ಯೂನಿಜ್ ಬರೆದಿದ್ದಾನೆ.

ಎರಡನೆಯವನು ಸಲಕರಾಜು ತಿರುಮಲ. ಅಚ್ಯುತರಾಯನ ಭಾವಮೈದುನ. 1542ರಲ್ಲಿ ಅಚ್ಯುತ ತೀರಿಕೊಂಡಾಗ ಅವನ ಎಳೆಯ ಮಗ ವೆಂಕಟನನ್ನು ಕೊಂದು ಅಧಿಕಾರ ಹಿಡಿದವನು. ಹೆಚ್ಚು ದಿನ ಉಳಿಯಲಿಲ್ಲ. ಅವನನ್ನು ಸೋಲಿಸಿ ಅಳಿಯ ರಾಮರಾಯ ಸದಾಶಿವನನ್ನು ಪಟ್ಟಕ್ಕೆ ತಂದ.

ಮೂರನೆಯವನು ರಾಮರಾಯನ ತಮ್ಮ. 1565ರ ಜನವರಿಯಲ್ಲಿ ರಾಮರಾಯ ರಣರಂಗದಲ್ಲಿ ಸತ್ತಾಗ, ಸದಾಶಿವನನ್ನೂ ಬೊಕ್ಕಸವನ್ನೂ ತೆಗೆದುಕೊಂಡು ಪೆನುಕೊಂಡೆಗೆ ಹೋದವನು ಇವನೇ. ಅರವೀಡು ಮನೆತನದ ಆಳ್ವಿಕೆ ಇವನಿಂದ ಶುರು. ಇನ್ನು ತಿರುಮಲದೇವಿ ಕೃಷ್ಣದೇವರಾಯನ ರಾಣಿ. ತಿರುಪತಿ ವೆಂಕಟೇಶನ ಮೇಲೆ ಈ ಮನೆತನಗಳಿಗೆ ಇದ್ದ ಭಕ್ತಿಯೇ ಈ ಹೆಸರುಗಳಿಗೆಲ್ಲ ಮೂಲ.

ಮಸ್ಕಿಯ ಶಾಸನ ಅಷ್ಟು ಮುಖ್ಯ ಯಾಕೆ?

ಹೆಸರಿನ ಗೊಂದಲವನ್ನೇ ಬಿಡಿಸಿದ ಕಲ್ಲು ಅದು!

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ದೇಶದ ಎಷ್ಟೋ ಬಂಡೆಗಳಲ್ಲಿ ‘ದೇವಾನಂಪಿಯ ಪಿಯದಸಿ’ ಅನ್ನುವ ರಾಜ ಸಿಕ್ಕ. ಆದರೆ ಯಾರವನು? ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಅನ್ನುವ ದೊರೆ ಇದ್ದ. ಶಾಸನಗಳು ಅವನದೇ ಇರಬೇಕು ಅಂತ ಮೊದಲು ಪ್ರಿನ್ಸೆಪ್ ಊಹಿಸಿದ. ಸಿಂಹಳದ ಪಾಲಿ ಗ್ರಂಥಗಳನ್ನು ನೋಡಿದ ಜಾರ್ಜ್ ಟರ್ನರ್, ಇವನು ಮೌರ್ಯ ಅಶೋಕ ಅಂದ. ಆದರೂ ಕಲ್ಲಿನ ಮೇಲೆ ಆ ಹೆಸರು ಸಿಕ್ಕಿರಲಿಲ್ಲ.

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಶಾಸನ ಕಂಡ. ಅದರಲ್ಲಿ ‘ದೇವಾನಂಪಿಯಸ ಅಸೋಕಸ’ ಅಂತ ಸ್ಪಷ್ಟವಾಗಿತ್ತು. ಬಿರುದೂ ಹೆಸರೂ ಒಟ್ಟಿಗೆ. ಅಲ್ಲಿಗೆ ಅನುಮಾನ ಮುಗಿಯಿತು. ಬಿರುದು ಒಬ್ಬನದೇ ಆಗಿರಲಿಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. ಅಶೋಕನ ಮೊಮ್ಮಗ ದಶರಥ ಗಯೆಯ ಹತ್ತಿರದ ನಾಗಾರ್ಜುನಿ ಗುಹೆಗಳಲ್ಲಿ ಅದನ್ನೇ ಬಳಸಿದ್ದಾನೆ.

ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೊಳಂ ಶಾಸನಗಳಲ್ಲೂ ಅಶೋಕನ ಹೆಸರು ಇದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳು ಅವನವೇ, ಆದರೆ ಅಲ್ಲಿ ಬಿರುದು ಮಾತ್ರ. ಇಡೀ ದೇಶದಲ್ಲಿ ಅಶೋಕ ಅನ್ನುವ ಹೆಸರೇ ಬರುವ ಅವನ ಶಾಸನಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ನಮ್ಮ ಈ ಎರಡು ಜಿಲ್ಲೆಗಳಲ್ಲಿವೆ. ಇದು ಇಲ್ಲಿನ ಪ್ರತಿ ಶಾಲೆಯ ಮಕ್ಕಳಿಗೂ ಗೊತ್ತಿರಬೇಕಾದ ವಿಷಯ.

ದಾಸರಲ್ಲಿ ಇಷ್ಟೊಂದು ಶ್ರೀನಿವಾಸರು! ಯಾರು ಯಾರು?

ಪುರಂದರದಾಸರ ಪೂರ್ವದ ಹೆಸರು ಶ್ರೀನಿವಾಸ ನಾಯಕ. ಮಾನ್ವಿಯ ಜಗನ್ನಾಥದಾಸರ ಪೂರ್ವದ ಹೆಸರು ಶ್ರೀನಿವಾಸಾಚಾರ್ಯ. ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಜೊತೆ ಅವರ ಶಿಷ್ಯ ಶ್ರೀನಿವಾಸತೀರ್ಥರ ಬೃಂದಾವನವೂ ಇದೆ. ಬಳ್ಳಾರಿಯಲ್ಲಿ ವಕೀಲರಾಗಿದ್ದು ತೆಲುಗು ನಾಟಕ ಬರೆದ ಕೋಲಾಚಲಂ ಶ್ರೀನಿವಾಸರಾಯರು ಹತ್ತೊಂಬತ್ತನೇ ಶತಮಾನದವರು. ‘ಶ್ರೀನಿವಾಸ’ ಅನ್ನುವ ಕಾವ್ಯನಾಮದಲ್ಲಿ ಬರೆದ ಮಾಸ್ತಿಯವರು ಕೋಲಾರ ಕಡೆಯವರು.

ದಾಸರಲ್ಲಿ ಈ ಗೊಂದಲಕ್ಕೆ ಒಳ್ಳೆಯ ಪರಿಹಾರ ಇತ್ತು: ಅಂಕಿತ. ಹಾಡಿನ ಕೊನೆಯಲ್ಲಿ ಬರುವ ಅಂಕಿತ ನೋಡಿದರೆ ಯಾರ ಪದ ಅಂತ ಗೊತ್ತಾಗುತ್ತದೆ. ಪುರಂದರವಿಠಲ ಅಂದರೆ ಪುರಂದರದಾಸರು. ವಿಜಯವಿಠಲ ಅಂದರೆ ಚೀಕಲಪರವಿಯ ವಿಜಯದಾಸರು. ಗೋಪಾಲವಿಠಲ ಅಂದರೆ ಮೊಸರಕಲ್ಲಿನ ಗೋಪಾಲದಾಸರು. ಜಗನ್ನಾಥವಿಠಲ ಅಂದರೆ ಜಗನ್ನಾಥದಾಸರು. ಪುರಂದರರನ್ನು ಬಿಟ್ಟು ಉಳಿದ ಮೂವರೂ ರಾಯಚೂರು ಸೀಮೆಯವರು. ಅದಕ್ಕೇ ಭಜನೆಯಲ್ಲಿ ಹಾಡುವಾಗ ಕೊನೆಯ ಚರಣ ಬಿಡಬಾರದು. ಅದನ್ನು ಬಿಟ್ಟರೆ ಪದ ಯಾರದು ಅನ್ನುವುದೇ ಅಳಿಸಿಹೋಗುತ್ತದೆ. ಸಿಕ್ಕ ಪದಗಳನ್ನೆಲ್ಲ ಪುರಂದರದಾಸರ ಹೆಸರಿಗೆ ಹಾಕುವುದು ಹೀಗೇ ಶುರುವಾಗುತ್ತದೆ.

ಒಡಿಶಾದ ಜಗನ್ನಾಥದಾಸರೂ ನಮ್ಮ ಜಗನ್ನಾಥದಾಸರೂ ಒಬ್ಬರೇನಾ?

ಅಲ್ಲ. ಒಡಿಶಾದವರು ಹದಿನಾರನೇ ಶತಮಾನದವರು, ಒಡಿಯಾದಲ್ಲಿ ಭಾಗವತ ಬರೆದವರು. ನಮ್ಮವರು 1728ರಲ್ಲಿ ಮಾನ್ವಿ ಹತ್ತಿರದ ಬ್ಯಾಗವಾಟದಲ್ಲಿ ಹುಟ್ಟಿದರು, 1809ರಲ್ಲಿ ಮಾನ್ವಿಯಲ್ಲಿ ತೀರಿಕೊಂಡರು. ‘ಹರಿಕಥಾಮೃತಸಾರ’ ಬರೆದವರು ಇವರು.

ಬಳ್ಳಾರಿ ರಾಘವ, ಬಳ್ಳಾರಿ ಸಿದ್ದಮ್ಮ ಇಬ್ಬರೂ ಬಳ್ಳಾರಿಯವರೇನಾ?

ರಾಘವರು ಹುಟ್ಟಿದ್ದು 1880ರಲ್ಲಿ ತಾಡಪತ್ರಿಯಲ್ಲಿ, ಆದರೆ ಬಳ್ಳಾರಿಯಲ್ಲೇ ವಕೀಲಿ ಮಾಡುತ್ತಾ ಕನ್ನಡ, ತೆಲುಗು ರಂಗಭೂಮಿಯಲ್ಲಿ ಹೆಸರು ಮಾಡಿದರು. 1946ರಲ್ಲಿ ತೀರಿಕೊಂಡರು. ಊರಿನ ರಾಘವ ಕಲಾಮಂದಿರ ಅವರ ನೆನಪಿಗೇ. ಅದು ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಹೆಸರಿನದು ಅಂತ ಹೊರಗಿನವರು ಭಾವಿಸುವುದುಂಟು. ಸ್ವಾತಂತ್ರ್ಯ ಹೋರಾಟಗಾರ್ತಿ ಬಳ್ಳಾರಿ ಸಿದ್ದಮ್ಮನವರ ಹೆಸರಲ್ಲಿ ಬಳ್ಳಾರಿ ಇದ್ದರೂ, ಅವರ ಕೆಲಸವೆಲ್ಲ ದಾವಣಗೆರೆಯಲ್ಲಿ.

ಬಳ್ಳಾರಿ ಸೀಮೆಯ ಮನ್ರೋ ಸಾಹೇಬನೇ ಬಕ್ಸಾರ್ ಯುದ್ಧ ಗೆದ್ದವನಾ?

ಅಲ್ಲ. ನಮ್ಮವನು ಥಾಮಸ್ ಮನ್ರೋ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಗೆ ಮುಖ್ಯ ಕಲೆಕ್ಟರ್ ಆಗಿ ಬಂದು 1807ರವರೆಗೆ ಇದ್ದ, ರೈತವಾರಿ ಪದ್ಧತಿಗೆ ಹೆಸರಾದ. ಮಂತ್ರಾಲಯದ ರಾಯರ ಜೊತೆ ಮಾತಾಡಿದ ಅನ್ನುವ ಕಥೆ ಇರುವುದು ಇವನ ಬಗ್ಗೆಯೇ. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ. 1764ರಲ್ಲಿ ಬಕ್ಸಾರ್ ಗೆದ್ದವನು ಹೆಕ್ಟರ್ ಮನ್ರೋ. ಅದೇ ಹೆಸರಿನ ಇನ್ನೊಬ್ಬ ಹೆಕ್ಟರ್ ಮನ್ರೋ ‘ಸಾಕಿ’ ಹೆಸರಲ್ಲಿ ಇಂಗ್ಲಿಷ್ ಸಣ್ಣ ಕಥೆ ಬರೆದ.

ಪಹಣಿಯಲ್ಲಿ ‘ಬಿನ್’ ಅಂತ ಇರುತ್ತದಲ್ಲ, ಅದು ಇದಕ್ಕೇನಾ?

ಹೌದು. ಹುಲುಗಪ್ಪ ಬಿನ್ ಹನುಮಂತಪ್ಪ ಅಂದರೆ ಹನುಮಂತಪ್ಪನ ಮಗ ಹುಲುಗಪ್ಪ. ಹೆಂಗಸರಿಗೆ ಗಂಡನ ಹೆಸರು ಸೇರಿಸುವಾಗ ‘ಕೋಂ’, ಅಡ್ಡಹೆಸರಿಗೆ ‘ಉರುಫ್’. ಒಂದೇ ಊರಿನ ನಾಲ್ಕು ಹುಲುಗಪ್ಪರ ಹೊಲ ಅದಲುಬದಲಾಗದೆ ಉಳಿದಿರುವುದು ಈ ಸಣ್ಣ ಪದಗಳಿಂದ.

ನಮ್ಮೂರ ಶಾಸನದಲ್ಲಿ ಹರಿಹರ ಅಂತ ಹೆಸರಿದೆ. ಯಾವ ಹರಿಹರ ಅಂತ ತಿಳಿಯುವುದು ಹೇಗೆ?

ಸಂವತ್ಸರದ ಹೆಸರನ್ನು ಮಾತ್ರ ನಂಬಬೇಡಿ. ಅರವತ್ತು ವರ್ಷಕ್ಕೆ ಅದೇ ಸಂವತ್ಸರ ತಿರುಗಿ ಬರುತ್ತದೆ. ಶಾಸನದಲ್ಲಿ ‘ಧಾತು ಸಂವತ್ಸರ, ಹರಿಹರರಾಯ’ ಅಂತಷ್ಟೇ ಇದೆ ಅನ್ನಿ. 1336 ಧಾತು ಸಂವತ್ಸರ, ಆಗ ಒಂದನೇ ಹರಿಹರ. 1396 ಕೂಡ ಧಾತು ಸಂವತ್ಸರ, ಆಗ ಎರಡನೇ ಹರಿಹರ. ಹಾಗಾದರೆ ಶಕ ವರ್ಷ ಹುಡುಕಿ. ಅದಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ. ಶಕ 1258 ಇದ್ದರೆ 1336, ಶಕ 1318 ಇದ್ದರೆ 1396. ಶಕ ವರ್ಷ ಅಳಿಸಿದ್ದರೆ ಅಪ್ಪನ ಹೆಸರು ನೋಡಿ: ಸಂಗಮನ ಮಗನೋ, ಬುಕ್ಕನ ಮಗನೋ? ಅದೂ ಇಲ್ಲದಿದ್ದರೆ ಮಂತ್ರಿ, ದಂಡನಾಯಕ, ದಾನ ಪಡೆದವರ ಹೆಸರುಗಳು ಸಹಾಯಕ್ಕೆ ಬರುತ್ತವೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಗಳ ಶಾಸನ ಸಂಪುಟಗಳನ್ನು ತಂದಿದೆ. ನಿಮ್ಮೂರಿನ ಕಲ್ಲು ಈಗಾಗಲೇ ಅಲ್ಲಿ ಓದಿಟ್ಟಿರಬಹುದು. ಹುಡುಕುವಾಗ ಹಳೆಯ ಗಡಿಗಳ ನೆನಪಿರಲಿ. ಬಳ್ಳಾರಿ 1953ರವರೆಗೆ ಮದ್ರಾಸ್ ಕಡೆ ಇತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ಕಡೆ. ಹಂಪಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ, ಹಳೆಯ ಪುಸ್ತಕಗಳಲ್ಲಿ ಬಳ್ಳಾರಿ ಅಂತಲೇ ಇರುತ್ತದೆ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯ ಭಾಗ. ಕಲ್ಲಿನ ಫೋಟೋ ತೆಗೆಯುವಾಗ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು, ಅಕ್ಷರ ಎದ್ದು ಕಾಣುತ್ತವೆ. ಸುಣ್ಣ, ಬಣ್ಣ ಬಳಿಯಬೇಡಿ.